ಸುಳ್ಳು ಹೆಸರಿನಲ್ಲಿ ಎದ್ದ ಕಂಪ್ಯೂಟರ್

ಬೋರ್ಡನ್ನು ಮೂಗಿನ ಹತ್ತಿರ ತಂದಾಗಲೇ ಇದು ಮತ್ತೆ ಏಳುವುದಿಲ್ಲವೆಂದು ಗೊತ್ತಾಯಿತು. ಪವರ್ ಸಪ್ಲೈ ಹಾಳಾಗುವಾಗ ತಾನೊಂದೇ ಹೋಗದೆ ಮದರ್‌ಬೋರ್ಡನ್ನೂ ಜೊತೆಗೆ ಎಳೆದುಕೊಂಡು ಹೋಗಿತ್ತು. ಪ್ರೊಸೆಸರಿನ ಸುತ್ತಲಿನ ತಾಮ್ರದ ಗೆರೆಗಳು ಕಪ್ಪಾಗಿ ಮೇಲಕ್ಕೆದ್ದಿದ್ದವು. ಬೆಸುಗೆ ಹಾಕಿ ಸರಿಪಡಿಸುವ ಹಂತವನ್ನು ಅದು ಯಾವಾಗಲೋ ದಾಟಿತ್ತು.

ಅದು ಪುಣೆಯ ಒಂದು ಟ್ರಸ್ಟ್ ಆಸ್ಪತ್ರೆಯ ನೆಲಮಾಳಿಗೆ. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಧನಕವಡಿಯ ಒಂದು ಸಣ್ಣ ಕಂಪ್ಯೂಟರ್ ದುರಸ್ತಿ ಸಂಸ್ಥೆಯಲ್ಲಿ ಕೆಲಸಕ್ಕಿದ್ದೆ. ಆಸ್ಪತ್ರೆಯ ಬಿಲ್ಲಿಂಗ್ ಕೌಂಟರಿನಿಂದ ಹಿಡಿದು ಔಷಧಿ ಉಗ್ರಾಣದವರೆಗೆ ಎಲ್ಲ ಕಂಪ್ಯೂಟರುಗಳ ಉಸ್ತುವಾರಿ ನಮ್ಮದೇ. ಆದರೆ ಇದು ಅವುಗಳಂಥದ್ದಲ್ಲ. ಪಕ್ಕದ ದಪ್ಪ ಗೋಡೆಯ ಕೋಣೆಯಲ್ಲಿ ಕ್ಯಾನ್ಸರ್ ರೋಗಿಗಳಿಗೆ ವಿಕಿರಣ ಕೊಡುವ ಕೋಬಾಲ್ಟ್ ಯಂತ್ರವಿತ್ತು. ಯಾವ ಕೋನದಿಂದ, ಎಷ್ಟು ಹೊತ್ತು ಕಿರಣ ಬಿಟ್ಟರೆ ಗೆಡ್ಡೆಗೆ ಎಷ್ಟು ಬೀಳುತ್ತದೆ, ಅದರ ಅಕ್ಕಪಕ್ಕದ ಆರೋಗ್ಯವಂತ ಅಂಗಗಳಿಗೆ ಎಷ್ಟು ಬೀಳುತ್ತದೆ ಎಂದು ಲೆಕ್ಕ ಹಾಕಿಕೊಡುವುದು ಈ ಕಂಪ್ಯೂಟರಿನ ಕೆಲಸ.

ಅದನ್ನು ನಡೆಸುತ್ತಿದ್ದವರು ಆಸ್ಪತ್ರೆಯ ಭೌತವಿಜ್ಞಾನಿ, ಬೆಂಗಳೂರಿನ ಹೆಣ್ಣುಮಗಳು. ಎಲ್ಲರೂ ಅವರನ್ನು ಮೇಡಂ ಎನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತಿದ್ದೆ. ಸರಳವಾದ ಕೇಸುಗಳನ್ನು ಕೋಷ್ಟಕ ನೋಡಿ ಕೈಯಲ್ಲೇ ಲೆಕ್ಕ ಹಾಕಬಹುದು, ಅವು ನಿಲ್ಲುವುದಿಲ್ಲ ಎಂದರು. ಗೆಡ್ಡೆ ಬೆನ್ನುಹುರಿಗೋ ಕಣ್ಣಿಗೋ ಅಂಟಿಕೊಂಡಿರುವ ಕೇಸುಗಳು ಮಾತ್ರ ಕಂಪ್ಯೂಟರಿಗಾಗಿ ಕಾಯಲೇಬೇಕು. ಬೆನ್ನುಹುರಿಯ ಮೇಲೆ ಅದು ತಡೆಯುವುದಕ್ಕಿಂತ ಹೆಚ್ಚು ಬಿದ್ದರೆ ತಿಂಗಳುಗಳಾದ ಮೇಲೆ ಕೈಕಾಲು ಸ್ವಾಧೀನ ತಪ್ಪುತ್ತವೆ, ಆಗ ಮಾಡುವುದೇನೂ ಉಳಿದಿರುವುದಿಲ್ಲ. ಇದನ್ನು ಅವರು ಹವಾಮಾನದ ಸುದ್ದಿ ಹೇಳುವಷ್ಟು ಸಮಾಧಾನದಿಂದ ಹೇಳಿದರು.

ಕಂಪ್ಯೂಟರ್ ತಯಾರಕರ ಮುಂಬಯಿ ಕಚೇರಿಗೆ ಫೋನ್ ಮಾಡಿದೆ. ಈ ಮಾದರಿ ನಿಂತುಹೋಗಿದೆ, ಬೋರ್ಡು ಸಿಗುವುದಿಲ್ಲ, ಹೊಸ ಮಾದರಿ ತೆಗೆದುಕೊಳ್ಳಿ ಎಂದರು. ಹೊಸ ಮಾದರಿಯಲ್ಲಿ ಹಳೆಯ ಆಪರೇಟಿಂಗ್ ಸಿಸ್ಟಂ ಓಡುವುದಿಲ್ಲ. ಹೊಸ ಆಪರೇಟಿಂಗ್ ಸಿಸ್ಟಂನಲ್ಲಿ ಆಸ್ಪತ್ರೆಯ ವಿಕಿರಣ ತಂತ್ರಾಂಶ ಓಡುವುದಿಲ್ಲ. ಅಂದರೆ ಒಂದು ಬೋರ್ಡು ಸುಟ್ಟದ್ದಕ್ಕೆ ಇಡೀ ವಿಭಾಗವನ್ನೇ ಹೊಸದಾಗಿ ಕೊಳ್ಳಬೇಕು, ಅದೂ ವಿದೇಶದಿಂದ ಬರುವವರೆಗೆ ಕಾಯಬೇಕು. ನಮ್ಮ ಆಪರೇಟಿಂಗ್ ಸಿಸ್ಟಂ ನಾವೇ ಪರೀಕ್ಷಿಸಿದ ಯಂತ್ರದ ಮೇಲಷ್ಟೇ ಓಡಬೇಕು, ಅದು ನಿಮ್ಮ ಸುರಕ್ಷತೆಗೇ ಒಳ್ಳೆಯದು ಎಂದು ಆ ಕಡೆಯ ಮನುಷ್ಯ ವಿನಯದಿಂದ ವಿವರಿಸಿದ. ಸುರಕ್ಷತೆ ಎಂಬ ಮಾತು ಕೇಳಿ ನನಗೆ ಒಳಗೊಳಗೇ ನಗು ಬಂತು. ಬೇರೆ ಯಂತ್ರದಲ್ಲಿ ಓಡದಂತೆ ಇವರು ಹಾಕಿದ ಬೀಗದ ಹಿಂದಿನ ಚರಿತ್ರೆ ನಮ್ಮ ಕಸುಬಿನವರಿಗೆಲ್ಲ ತಿಳಿದದ್ದೇ. ಕೆಲವು ವರ್ಷ ಹಿಂದೆ ಇದೇ ಕಂಪನಿ ತನ್ನಂಥದೇ ಯಂತ್ರ ಕಟ್ಟಲು ಬೇರೆಯವರಿಗೂ ಪರವಾನಗಿ ಕೊಟ್ಟಿತ್ತು. ಅವು ಅಗ್ಗವಾಗಿ ಮಾರಾಟವಾಗತೊಡಗಿದ್ದೇ ತಡ, ಪರವಾನಗಿ ನಿಲ್ಲಿಸಿತು. ಮುಂದಿನ ಆವೃತ್ತಿಯಿಂದ ಅದರ ಆಪರೇಟಿಂಗ್ ಸಿಸ್ಟಂ ಆ ಯಂತ್ರಗಳನ್ನು ಗುರುತು ಹಿಡಿದು ಅಲ್ಲೇ ನಿಂತುಬಿಡುವಂತಾಯಿತು.

ನಮ್ಮ ಮಾಲಕರು ಬಾಗಲಕೋಟೆ ಕಡೆಯವರು. ಲಕ್ಷ್ಮೀ ರೋಡಿನ ಬಟ್ಟೆ ಅಂಗಡಿಯಲ್ಲಿ ಗುಮಾಸ್ತರಾಗಿದ್ದು, ಆಮೇಲೆ ಕಂಪ್ಯೂಟರ್ ವ್ಯಾಪಾರಕ್ಕಿಳಿದವರು. ಇಲ್ಲ ಎಂಬ ಮಾತನ್ನು ಗಿರಾಕಿಗೆ ಹೇಳಿದವರೇ ಅಲ್ಲ. ಮರುದಿನವೇ ದೇಹೂ ರೋಡಿನ ಗುಜರಿ ವ್ಯಾಪಾರಿಯೊಬ್ಬನಲ್ಲಿ ಅಂಥ ಪರವಾನಗಿ ಕಾಲದ ಯಂತ್ರಗಳು ರಾಶಿ ಬಿದ್ದಿವೆಯೆಂದು ಪತ್ತೆ ಹಚ್ಚಿ, ಒಂದನ್ನು ರಿಕ್ಷಾದಲ್ಲಿ ಹಾಕಿಸಿಕೊಂಡು ಬಂದರು. ಅದೇ ಜಾತಿಯ ಪ್ರೊಸೆಸರು, ಅದೇ ವಿನ್ಯಾಸ. ಮೇಲಿನ ಹೆಸರು ಮಾತ್ರ ಬೇರೆ.

ಆಸ್ಪತ್ರೆಯ ಡಿಸ್ಕನ್ನು ಅದಕ್ಕೆ ಜೋಡಿಸಿ ಚಾಲೂ ಮಾಡಿದೆ. ಪರದೆಯ ಮೇಲೆ ಒಂದೇ ಸಾಲು ಬಂತು: ಈ ಯಂತ್ರಕ್ಕೆ ಬೆಂಬಲವಿಲ್ಲ. ಅಲ್ಲಿಗೆ ನಿಂತಿತು.

ಎಲ್ಲಿ ನಿಲ್ಲುತ್ತಿದೆ ಎಂದು ಹುಡುಕುವುದು ಕಷ್ಟವಾಗಲಿಲ್ಲ. ಕಂಪ್ಯೂಟರ್ ಎದ್ದ ಕೂಡಲೇ ಮೊದಲು ಓದುವುದು ಬೋರ್ಡಿನ ಮೇಲಿನ ಬೂಟ್ ಚಿಪ್ಪನ್ನು. ಅದರೊಳಗೆ ತಯಾರಕರ ಹೆಸರು, ಬೋರ್ಡಿನ ಮಾದರಿ ಸಂಖ್ಯೆ ಇರುತ್ತವೆ. ಆಪರೇಟಿಂಗ್ ಸಿಸ್ಟಂ ಅವನ್ನು ನೋಡಿ ತನ್ನ ಮನೆಯದಾದರೆ ಮುಂದೆ ಹೋಗುತ್ತದೆ, ಇಲ್ಲವಾದರೆ ಬಾಗಿಲು ಹಾಕಿಕೊಳ್ಳುತ್ತದೆ. ಸುಟ್ಟ ಬೋರ್ಡಿನ ಚಿಪ್ಪನ್ನೇ ಕಿತ್ತು ಇದಕ್ಕೆ ಹಾಕೋಣವೆಂದರೆ ಆಗದು, ಅದರೊಳಗೆ ಆ ಬೋರ್ಡಿಗೆ ಮಾತ್ರ ಹೊಂದುವ ಸೂಚನೆಗಳೂ ಇವೆ. ಎರಡೂ ಚಿಪ್ಪುಗಳನ್ನು ನಮ್ಮ ಅಂಗಡಿಗೆ ತಂದು, ಓದುವ ಉಪಕರಣದಲ್ಲಿಟ್ಟು, ಒಳಗಿನ ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದೆ. ಗುಜರಿ ಯಂತ್ರದ ಚಿಪ್ಪಿನ ಪ್ರತಿಯಲ್ಲಿ ಹೆಸರನ್ನೂ ಮಾದರಿ ಸಂಖ್ಯೆಯನ್ನೂ ಮಾತ್ರ ಬದಲಿಸಿದೆ. ಬದಲಾವಣೆ ಪತ್ತೆಯಾಗಲೆಂದೇ ಚಿಪ್ಪಿನ ಕೊನೆಯಲ್ಲಿ ತಾಳೆ ನೋಡುವ ಒಂದು ಮೊತ್ತವಿರುತ್ತದೆ, ಅದನ್ನೂ ತಿದ್ದಿದೆ. ನೆತ್ತಿಯ ಮೇಲೆ ಪುಟ್ಟ ಗಾಜಿನ ಕಿಟಕಿಯಿರುವ ಹಳೆಯ ಚಿಪ್ಪೊಂದನ್ನು ಅತಿನೇರಳೆ ದೀಪದ ಪೆಟ್ಟಿಗೆಯಲ್ಲಿಟ್ಟು ಅಳಿಸಿ, ಹೊಸದನ್ನು ಬರೆದು, ಬೆಳಕಿಗೆ ಅಳಿಸಿಹೋಗದಂತೆ ಕಿಟಕಿಗೆ ಕಪ್ಪು ಪಟ್ಟಿ ಅಂಟಿಸಿದೆ. ಮಾಲಕರು ಹಿಂದೆ ನಿಂತು ಎಲ್ಲವನ್ನೂ ನೋಡುತ್ತಿದ್ದರು. ತಿದ್ದಿದ ಫೈಲನ್ನು ಯಾವ ಹೆಸರಿನಲ್ಲಿ ಇಟ್ಟಿದ್ದೀಯ ಎಂದು ಕೇಳಿದರು. ಹೇಳಿದೆ.

ಯಂತ್ರ ಎದ್ದಿತು. ನಿಲ್ಲಬೇಕಾದ ಜಾಗದಲ್ಲಿ ನಿಲ್ಲದೆ ಮುಂದೆ ಹೋಗಿ, ಸುಟ್ಟುಹೋದ ಕಂಪ್ಯೂಟರಿನ ಪರದೆಯನ್ನೇ ತೋರಿಸಿತು. ನನಗೆ ಹೆಮ್ಮೆಯಾಯಿತು, ಸುಳ್ಳು ಹೇಳುವುದಿಲ್ಲ.

ಮೇಡಂ ಅಷ್ಟು ಬೇಗ ಖುಷಿಪಡಲಿಲ್ಲ. ಹಳೆಯ ರೋಗಿಗಳ ಲೆಕ್ಕಗಳನ್ನು ಒಂದೊಂದಾಗಿ ಮತ್ತೆ ಓಡಿಸಿ, ಆಗ ಬಂದ ಉತ್ತರದ ಜೊತೆ ತಾಳೆ ನೋಡುತ್ತ ಹೋದರು. ಸರಳವಾದವು ತಾಳೆಯಾದವು. ಗೋಜಲಿನವೂ ತಾಳೆಯಾದವು. ವಿಭಾಗದ ಮುಖ್ಯಸ್ಥರಾದ ಮರಾಠಿ ಡಾಕ್ಟರು ದಿನಕ್ಕೆರಡು ಸಲ ಬಂದು ಇನ್ನೂ ಎಷ್ಟು ಪರೀಕ್ಷೆ ಎಂದು ಕೇಳಿ ಹೋಗುತ್ತಿದ್ದರು. ಅವರ ಅವಸರ ನನಗೆ ಅರ್ಥವಾಗುತ್ತಿತ್ತು, ಹೊರಗಿನ ಬೆಂಚುಗಳು ಖಾಲಿಯಾಗುತ್ತಲೇ ಇರಲಿಲ್ಲ.

ಆ ಬೆಂಚಿನ ಮೇಲೆ ದಿನವೂ ಕೂರುತ್ತಿದ್ದವರಲ್ಲಿ ಯಾದಗಿರಿ ಕಡೆಯ ದಂಪತಿ ಇದ್ದರು. ಗಂಡ ಕಾತ್ರಜದಲ್ಲಿ ಏಳುತ್ತಿದ್ದ ಕಟ್ಟಡಗಳಲ್ಲಿ ಸೆಂಟ್ರಿಂಗ್ ಕೆಲಸದವನು, ಅಲ್ಲೇ ತಗಡಿನ ಶೆಡ್ಡಿನಲ್ಲಿ ಸಂಸಾರ. ಹೆಂಡತಿಯ ಗಂಟಲಲ್ಲಿ ಗೆಡ್ಡೆ. ನಾನು ಫೋನಿನಲ್ಲಿ ಕನ್ನಡ ಮಾತಾಡಿದ್ದನ್ನು ಕೇಳಿ ಅವನೇ ಎದ್ದು ಬಂದು ಪರಿಚಯ ಮಾಡಿಕೊಂಡಿದ್ದ. ವಿಕಿರಣಕ್ಕೆ ಅವರ ಕಡೆ ಕರೆಂಟು ಎನ್ನುತ್ತಾರೆ.

"ಇಕಿಗಿ ಗಂಜಿ ಸೈತ ಇಳಿವಲ್ದ್ರಿ ಸರ," ಎಂದ. "ಕರೆಂಟ್ ಕೊಟ್ರ ಗಂಟು ಕರಗ್ತದ ಅಂದಾರ. ಮಷೀನ್ ಚಾಲೂ ಆಯ್ತೇನ್ರಿ?"

ಹೆಂಡತಿ ಬೆಂಚಿನಲ್ಲೇ ಕೂತಿದ್ದಳು. ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ನನ್ನ ಕೈಯಲ್ಲಿದ್ದ ಸ್ಕ್ರೂ ಡ್ರೈವರನ್ನೇ ನೋಡುತ್ತಿದ್ದಳು. ಇನ್ನೇನು ಆಯಿತು, ಒಂದೆರಡು ದಿನ ಎಂದೆ.

ಮೊದಲ ಹೊಸ ಲೆಕ್ಕ ಅವಳದೇ. ಮೇಡಂ ಅವಳ ಕುತ್ತಿಗೆಯ ಸುತ್ತ ಸೀಸದ ತಂತಿ ಬಗ್ಗಿಸಿ, ಆ ಆಕಾರವನ್ನು ಕಾಗದಕ್ಕಿಳಿಸಿ, ಗೆಡ್ಡೆಯನ್ನೂ ಬೆನ್ನುಹುರಿಯನ್ನೂ ಗುರುತು ಹಾಕಿಕೊಂಡು ಕಂಪ್ಯೂಟರಿಗೆ ಕೊಟ್ಟರು. ಉತ್ತರ ಬಂತು. ಬೆನ್ನುಹುರಿಗೆ ಬೀಳುವುದು ಮಿತಿಯೊಳಗೇ ಇತ್ತು. ಚಿತ್ರ ಬರೆಯುವ ಪ್ಲಾಟರಿಗೆ ಕಳಿಸಿದರು. ಅದರ ಪೆನ್ನು ಕಿರುಗುಟ್ಟುತ್ತ ಕಾಗದದ ಮೇಲೆ ವಕ್ರರೇಖೆಗಳನ್ನು ಎಳೆಯತೊಡಗಿತು. ಅದು ಮುಗಿಯುವವರೆಗೆ ಸುಮ್ಮನೆ ಯಾಕೆ ಕೂರುವುದೆಂದು ಅದೇ ಲೆಕ್ಕವನ್ನು ಇನ್ನೊಮ್ಮೆ ಓಡಿಸಿದರು. ಅದು ಅವರ ಅಭ್ಯಾಸ.

ನಾನು ಆಗ ಮೇಲಿನ ಮಹಡಿಯಲ್ಲಿ ಬೇರೆ ಕೆಲಸದಲ್ಲಿದ್ದೆ. ಕರೆ ಬಂತು. ಕೆಳಗಿಳಿದು ಹೋದಾಗ ಮೇಡಂ ಎರಡು ಹಾಳೆಗಳನ್ನು ಮೇಜಿನ ಮೇಲಿಟ್ಟು ಕೂತಿದ್ದರು. ಅದೇ ಕುತ್ತಿಗೆ, ಅದೇ ಕೋನಗಳು, ಅದೇ ಸಮಯ. ಗೆಡ್ಡೆಯ ಮಧ್ಯದಲ್ಲಿ ಎರಡೂ ಹಾಳೆಗಳ ಉತ್ತರ ಹೆಚ್ಚುಕಡಿಮೆ ಒಂದೇ. ಬೆನ್ನುಹುರಿಯ ಜಾಗದಲ್ಲಿ ಬೇರೆ ಬೇರೆ. ಒಂದರ ಪ್ರಕಾರ ಅವಳು ಸುರಕ್ಷಿತ. ಇನ್ನೊಂದರ ಪ್ರಕಾರ ಅಲ್ಲ.

ಯಾವುದು ಸರಿ ಎಂದು ಕೇಳಿದೆ.

"ಅದೇ ಪ್ರಾಬ್ಲಂ," ಎಂದರು. "ಎರಡೂ ನೋಡೋಕೆ ಸರಿಯಾಗೇ ಇವೆ."

ಅಲ್ಲಿಂದ ಮುಂದಿನ ದಿನಗಳು ನನ್ನ ಕೆಲಸದ ಬದುಕಿನಲ್ಲೇ ಬಹಳ ಕೆಟ್ಟವು. ಯಂತ್ರ ಕೆಟ್ಟರೆ ನನಗೆ ಭಯವಿಲ್ಲ. ಕೆಟ್ಟ ಯಂತ್ರ ನಿಲ್ಲುತ್ತದೆ, ಬೀಪ್ ಎನ್ನುತ್ತದೆ, ಹೊಗೆಯಾಡುತ್ತದೆ. ಇದು ಏನೂ ಮಾಡುತ್ತಿರಲಿಲ್ಲ. ಒಂದೇ ಲೆಕ್ಕವನ್ನು ಬೆಳಗಿನಿಂದ ಓಡಿಸುತ್ತ ಕೂತೆವು. ಸರಿ, ಸರಿ, ಸರಿ. ಮೆಮೊರಿ ಬದಲಿಸಿದೆ, ಡಿಸ್ಕ್ ಪರೀಕ್ಷಿಸಿದೆ, ಫ್ಯಾನಿನ ಮುಂದೆ ರಟ್ಟು ಹಿಡಿದು ಬಿಸಿ ಮಾಡಿ ನೋಡಿದೆ. ಎಲ್ಲವೂ ಸರಿ. ಇನ್ನೇನು ಅದೊಂದು ಆಕಸ್ಮಿಕ ಎಂದುಕೊಳ್ಳುವಷ್ಟರಲ್ಲಿ ಮೇಡಂ ಬೇರೊಬ್ಬರ ಚಿತ್ರವನ್ನು ಪ್ಲಾಟರಿಗೆ ಕಳಿಸಿದರು. ಪೆನ್ನು ಓಡಾಡತೊಡಗಿತು. ಪರದೆಯ ಮೇಲಿನ ಉತ್ತರ ಸದ್ದಿಲ್ಲದೆ ಬದಲಾಗಿತ್ತು.

ಪ್ಲಾಟರಿನ ತಂತಿ ಕಿತ್ತರೆ ಒಮ್ಮೆಯೂ ತಪ್ಪುತ್ತಿರಲಿಲ್ಲ. ಜೋಡಿಸಿದರೆ ಬಹಳ ಸಲ ಸರಿ, ಕೆಲವು ಸಲ ತಪ್ಪು. ಅಂದರೆ ಕಂಪ್ಯೂಟರ್ ಎರಡು ಕೆಲಸಗಳ ನಡುವೆ ಅತ್ತಿಂದಿತ್ತ ಜಿಗಿಯುವಾಗ ಅರ್ಧಕ್ಕೆ ಬಿಟ್ಟ ಲೆಕ್ಕದ ಅಂಕಿಗಳೆಲ್ಲೋ ಕಲಸಿಹೋಗುತ್ತಿದ್ದವು. ಇದು ಗುಜರಿ ಯಂತ್ರದ ದೋಷವೇ, ಅಥವಾ ನಾನು ಮಾಡಿದ ಬದಲಾವಣೆಯದೇ? ಅದನ್ನು ಬೇರ್ಪಡಿಸಿ ನೋಡದೆ ನನಗೆ ಸಮಾಧಾನವಿರಲಿಲ್ಲ.

ಗುಜರಿ ಯಂತ್ರದ ಜೊತೆ ಅದರ ಸ್ವಂತ ಡಿಸ್ಕೂ ಬಂದಿತ್ತು. ಅದರಲ್ಲಿ ಪರವಾನಗಿ ಕಾಲದ ಹಳೆಯ ಆಪರೇಟಿಂಗ್ ಸಿಸ್ಟಂ ಇತ್ತು, ಅದಕ್ಕೆ ಈ ಬೋರ್ಡಿನ ಪರಿಚಯವಿತ್ತು. ಆಸ್ಪತ್ರೆಯ ತಂತ್ರಾಂಶ ಅದರಲ್ಲಿ ಓಡುವುದಿಲ್ಲ, ಆದರೆ ಒಂದೇ ಗುಣಾಕಾರ ಭಾಗಾಕಾರವನ್ನು ಬಿಡದೆ ಮಾಡುತ್ತ ಉತ್ತರ ಬದಲಾದರೆ ತಿಳಿಸುವ ಸಣ್ಣ ಪ್ರೋಗ್ರಾಂ ಬರೆಯಬಹುದಿತ್ತು. ಬರೆದೆ. ಮೊದಲು ಯಂತ್ರದ ಮೂಲ ಚಿಪ್ಪು ಹಾಕಿದೆ, ಅಂದರೆ ಅದರ ನಿಜವಾದ ಹೆಸರು. ಪ್ಲಾಟರ್ ಓಡಿಸುತ್ತ ಬೆಳಗಿನಿಂದ ಮಧ್ಯಾಹ್ನದವರೆಗೆ ಕಾದೆ. ಒಂದೂ ತಪ್ಪಿಲ್ಲ. ಊಟ ಮುಗಿಸಿ ಬಂದು ನನ್ನ ಚಿಪ್ಪು ಹಾಕಿದೆ. ಅದೇ ಬೋರ್ಡು, ಅದೇ ಡಿಸ್ಕು, ಹೆಸರೊಂದೇ ಬೇರೆ. ಚಹಾ ಬರುವುದರೊಳಗೆ ತಪ್ಪುಗಳು ಬೀಳತೊಡಗಿದವು.

ಆ ಬೋರ್ಡಿನ ಗಣಿತದ ಚಿಪ್ಪಿಗೆ ಯಾವುದೋ ಕುಂದು ಇದ್ದಿರಬೇಕು. ಹೆಸರು ನೋಡಿ ಪರವಾನಗಿ ಕಾಲದ ಆಪರೇಟಿಂಗ್ ಸಿಸ್ಟಂ ಅದನ್ನು ಗುರುತಿಸುತ್ತಿತ್ತು. ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಹೋಗುವಾಗ ಅದರ ಲೆಕ್ಕ ಮುಗಿಯುವವರೆಗೆ ಕಾಯುವಂಥ ಏನೋ ಎಚ್ಚರಿಕೆ ವಹಿಸುತ್ತಿತ್ತು. ನಾನು ಹೆಸರು ಬದಲಿಸಿದೆ. ತನ್ನ ಮನೆಯ ಬೋರ್ಡೇ ಎಂದು ನಂಬಿ ಅದು ಎಚ್ಚರಿಕೆ ಬಿಟ್ಟಿತು. ವ್ಯಾಪಾರಕ್ಕೆಂದು ಹಾಕಿದ ಬೀಗ ಅದು, ನನಗೆ ಈಗಲೂ ಅದರಲ್ಲಿ ಸಂಶಯವಿಲ್ಲ. ಆದರೆ ಅದೇ ಹೆಸರಿನ ಮೇಲೆ ನಿಜವಾದ ಕಾಳಜಿಯೂ ನಿಂತಿತ್ತು. ಹೊರಗೆ ನಿಂತ ನಮ್ಮಂಥವರಿಗೆ ಯಾವುದು ವ್ಯಾಪಾರ, ಯಾವುದು ಕಾಳಜಿ ಎಂದು ತಿಳಿಯುವ ದಾರಿಯನ್ನು ಅವರು ಇಟ್ಟಿರಲಿಲ್ಲ.

ಮುಖ್ಯ ಡಾಕ್ಟರ ಕೋಣೆಯಲ್ಲಿ ನಾವು ನಾಲ್ವರೂ ಕೂತೆವು: ಡಾಕ್ಟರು, ಮೇಡಂ, ನಮ್ಮ ಮಾಲಕರು, ನಾನು. ನಡೆದದ್ದನ್ನು ಮರಾಠಿಯಲ್ಲಿ ವಿವರಿಸಿದೆ. ಡಾಕ್ಟರು ಗಮನವಿಟ್ಟು ಕೇಳಿದರು. ಆಮೇಲೆ, ಹಾಗಾದರೆ ಲೆಕ್ಕ ನಡೆಯುವಾಗ ಪ್ಲಾಟರ್ ಬಂದ್ ಇಡಿ, ಮುಗಿಯಿತಲ್ಲ ಎಂದರು. ದಿನಾ ಕಾಯುತ್ತ ಕೂತವರ ಗೆಡ್ಡೆಗಳೂ ಬೆಳೆಯುತ್ತಿವೆ, ಅದು ನಿಮ್ಮ ಲೆಕ್ಕದಲ್ಲಿ ಇದೆಯೇ ಎಂದೂ ಕೇಳಿದರು. ಅವರ ಮಾತನ್ನು ತಳ್ಳಿಹಾಕುವುದು ಸುಲಭವಿರಲಿಲ್ಲ. ನನಗೂ ಒಂದು ಕ್ಷಣ ಅದೇ ದಾರಿ ಅನ್ನಿಸಿತು.

ಮೇಡಂ ಆಗದೆಂದು ತಲೆಯಾಡಿಸಿದರು. ಮರಾಠಿಯಲ್ಲಿ ಶುರು ಮಾಡಿ, ಸಿಟ್ಟಿನಲ್ಲೋ ದಣಿವಿನಲ್ಲೋ ನನ್ನ ಕಡೆ ತಿರುಗಿ ಕನ್ನಡಕ್ಕೆ ಬಂದರು. "ಪ್ಲಾಟರ್ ಒಂದೇ ಅಂತ ನೀವು ಗ್ಯಾರಂಟಿ ಕೊಡ್ತೀರಾ? ಕೊಟ್ರೆ ನಾನು ಸೈನ್ ಹಾಕ್ತೀನಿ."

ಮಾಲಕರು ನನ್ನ ಮೊಣಕೈ ಹಿಡಿದು ಕೋಣೆಯ ಹೊರಗೆ ಕರೆದುಕೊಂಡು ಬಂದರು. ದನಿ ಎತ್ತಲಿಲ್ಲ. "ನೋಡ್ ತಮ್ಮಾ, ನೀ ಇಂಜಿನಿಯರ್ ಅದಿ. ಪ್ಲಾಟರ್ ಬಂದ್ ಇಟ್ರ ತಪ್ಪಂಗಿಲ್ಲ ಅಂತ ನಿನ್ನ ಕಣ್ಣಿಲೇ ನೋಡೀದಿ. ನೋಡಿದ್ದನ್ನ ಹೇಳು. ಸುಳ್ಳ ಹೇಳು ಅಂತ ನಾ ಎಲ್ಲಿ ಅಂದೆ?"

"ನೋಡಿದ್ದು ಅಷ್ಟೇ ರೀ," ಎಂದೆ. "ನೋಡಲಾರದ್ದು ಎಷ್ಟ್ ಅದನೋ ನನಗ ಗೊತ್ತಿಲ್ಲ."

ಕೀಬೋರ್ಡ್ ಒತ್ತಿದಾಗ, ಡಿಸ್ಕಿಗೆ ಬರೆಯುವಾಗ, ಗಡಿಯಾರ ತಿರುಗುವಾಗ, ಪ್ರತಿಯೊಂದಕ್ಕೂ ಆ ಯಂತ್ರ ಲೆಕ್ಕ ಬಿಟ್ಟು ಜಿಗಿಯುತ್ತದೆ. ಪ್ಲಾಟರಿನ ಜಿಗಿತ ದೊಡ್ಡದು, ಹಾಗಾಗಿ ಸಿಕ್ಕಿಬಿತ್ತು. ಸಾವಿರಕ್ಕೊಮ್ಮೆ ತಪ್ಪುವ ಸಣ್ಣ ಜಿಗಿತ ಯಾರ ಲೆಕ್ಕದ ದಿನ ಬೀಳುತ್ತದೋ ಯಾರು ಬಲ್ಲರು? ಆಗ ಬೀಪ್ ಇರುವುದಿಲ್ಲ, ಹೊಗೆ ಇರುವುದಿಲ್ಲ. ಒಬ್ಬರ ಕಾಲು ಬಿದ್ದುಹೋದ ಮೇಲೂ ಯಾರೂ ಈ ಕಡೆ ಬೊಟ್ಟು ಮಾಡುವುದಿಲ್ಲ, ರೋಗದಿಂದಲೇ ಹೀಗಾಯಿತು ಎನ್ನುತ್ತಾರೆ.

ನಾನು ಕೋಣೆಗೆ ವಾಪಸು ಹೋಗಲಿಲ್ಲ. ನೆಲಮಾಳಿಗೆಗೆ ಇಳಿದು, ಯಂತ್ರದ ಮುಚ್ಚಳ ತೆಗೆದು, ನನ್ನ ಚಿಪ್ಪನ್ನು ಕಿತ್ತು ಅದರ ಸ್ವಂತದ್ದನ್ನು ಕೂರಿಸಿದೆ. ಚಾಲೂ ಮಾಡಿದೆ. ಈ ಯಂತ್ರಕ್ಕೆ ಬೆಂಬಲವಿಲ್ಲ ಎಂಬ ಸಾಲು ಬಂದು ನಿಂತಿತು. ಹಾಗೇ ಬಿಟ್ಟು ಮೇಲೆ ಬಂದು, ಇದನ್ನು ಇನ್ನು ಎಬ್ಬಿಸುವುದಿಲ್ಲ ಎಂದು ಮೂವರಿಗೂ ಹೇಳಿದೆ. ಡಾಕ್ಟರು ನನ್ನನ್ನು ನೋಡದೆ ಮಾಲಕರನ್ನು ನೋಡಿದರು. ಮಾಲಕರು ಕಿಟಕಿಯ ಕಡೆ ನೋಡಿದರು.

ಬೆಂಚಿನ ಹತ್ತಿರ ಹೋಗುವುದೇ ಕಷ್ಟವಾಯಿತು. ಸೆಂಟ್ರಿಂಗಿನವನು ಎದ್ದು ನಿಂತ. ಮಷೀನು ಚಾಲೂ ಆಗಿತ್ತು, ನಾನೇ ಬಂದ್ ಮಾಡಿದೆ, ಅದು ಹೇಳುವ ಲೆಕ್ಕ ನಂಬುವಂತಿಲ್ಲ ಎಂದೆ. ಅವನಿಗೆ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. "ನಿಮ್ಮ ಮನ್ಯಾಗಿನವ್ರು ಇದ್ರೂ ಬಂದ್ ಮಾಡ್ತಿದ್ರೇನ್ರಿ?" ಎಂದು ಕೇಳಿದ. ಹೌದು ಎಂದೆ. ಅವನು ಹೆಂಡತಿಯ ಪಕ್ಕ ಕೂತು ಅವಳ ಕಿವಿಯಲ್ಲಿ ಏನೋ ಹೇಳಿದ. ಅವಳು ನನ್ನ ಕಡೆ ನೋಡಲಿಲ್ಲ.

ಅವಳನ್ನು ಮೇಡಂ ಕೈಬಿಡಲಿಲ್ಲ. ಎಡಬಲದಿಂದ ನೇರವಾಗಿ ಕಿರಣ ಬಿಡುವ ಸರಳ ವಿಧಾನದಲ್ಲಿ, ಕೈಲೆಕ್ಕದಿಂದಲೇ, ಬೆನ್ನುಹುರಿ ತಡೆಯುವ ಮಿತಿಯವರೆಗೆ ಮೊದಲ ಭಾಗದ ಚಿಕಿತ್ಸೆ ಮರುದಿನವೇ ಶುರು ಮಾಡಿಸಿದರು. ಅಷ್ಟರಲ್ಲಿ ಸೀಸದ ತಂತಿಯಿಂದ ತೆಗೆದ ಆಕಾರವನ್ನು ಹಿಡಿದುಕೊಂಡು ತಾವೇ ಮುಂಬಯಿಗೆ ಹೋಗಿ, ಅಲ್ಲಿನ ಆಸ್ಪತ್ರೆಯೊಂದರಲ್ಲಿದ್ದ ಗೆಳತಿಯ ಕಂಪ್ಯೂಟರಿನಲ್ಲಿ ಉಳಿದ ಭಾಗದ ಲೆಕ್ಕ ಹಾಕಿಸಿಕೊಂಡು ಬಂದರು. ಕೆಲವು ವಾರಗಳಲ್ಲಿ ಆ ಹೆಂಗಸು ಅನ್ನ ನುಂಗತೊಡಗಿದಳೆಂದು ಕೇಳಿದೆ. ಎಲ್ಲರಿಗೂ ಹಾಗಾಗಲಿಲ್ಲ. ಮುಂಬಯಿಗೆ ಹೋಗಿ ಎಂದು ಹೇಳಿಸಿಕೊಂಡವರಲ್ಲಿ ಕೆಲವರು ಹೋಗದೆ ಊರಿನ ಬಸ್ಸು ಹತ್ತಿದರು. ಅದೂ ನನ್ನ ನಿರ್ಧಾರದ ಪಾಲೇ. ಅದನ್ನು ನಾನು ಮರೆತಿಲ್ಲ.

ನಮ್ಮ ಮಾಲಕರು ನನ್ನನ್ನು ಬೈಯಲಿಲ್ಲ. ಆಸ್ಪತ್ರೆಯ ಕೆಲಸ ಕೈತಪ್ಪಿತು, ಅದನ್ನೂ ಎತ್ತಿ ಆಡಲಿಲ್ಲ. ಆ ಸಮಾಧಾನವೇ ನನಗೆ ಸರಿಕಾಣಲಿಲ್ಲ. ಸ್ವಲ್ಪ ದಿನಗಳ ಮೇಲೆ ಆ ಚಿಪ್ಪಿನ ಫೈಲನ್ನು ಅಳಿಸಿಹಾಕೋಣವೆಂದು ಅಂಗಡಿಯ ಕಂಪ್ಯೂಟರಿನ ಮುಂದೆ ಕೂತೆ. ಫೈಲು ಇತ್ತು, ಆದರೆ ನಾನು ಮನೆಗೆ ಹೋದ ಮೇಲೆ ಯಾರೋ ಅದನ್ನು ತೆರೆದಿದ್ದರು. ಡ್ರಾವರಿನಲ್ಲಿದ್ದ ಖಾಲಿ ಚಿಪ್ಪುಗಳು ಕಡಿಮೆಯಾಗಿದ್ದವು. ನೇರವಾಗಿ ಕೇಳಿದೆ. ದೇಹೂ ರೋಡಿನ ವ್ಯಾಪಾರಿಗೆ ಬೇಕಾಗಿತ್ತು, ಕೊಟ್ಟೆ, ಅವನು ಅದನ್ನು ಯಾರಿಗೆ ಹಾಕಿಕೊಡುತ್ತಾನೋ ನಾನೇನು ಬಲ್ಲೆ, ಎಂದರು.

"ಎಲ್ಲಾರೂ ಕರೆಂಟ್ ಕೊಡೋ ಲೆಕ್ಕಾ ಮಾಡ್ತಾರೇನು?" ಎಂದೂ ಅಂದರು. "ಕೆಲವ್ರು ಚಿತ್ರಾ ತಗೀತಾರ, ಕೆಲವ್ರು ಪಗಾರದ ಲೆಕ್ಕ ಇಡ್ತಾರ. ಅಲ್ಲೇನ್ ಹೆಣಾ ಬೀಳ್ತಾವ?"

ಆ ತಿಂಗಳೇ ಕೆಲಸ ಬಿಟ್ಟೆ. ವ್ಯಾಪಾರಿಯನ್ನು ಹುಡುಕಿಕೊಂಡು ಹೋದರೆ ಗಿರಾಕಿಗಳ ಹೆಸರು ಹೇಳುವುದಿಲ್ಲ ಎಂದು ನಕ್ಕು ಕಳಿಸಿದ. ರಾಶಿಯಲ್ಲಿದ್ದ ಯಂತ್ರಗಳಲ್ಲಿ ಬಹಳಷ್ಟು ಹೋಗಿದ್ದವು. ಮೇಡಂಗೆ ತಿಳಿಸಿದೆ. ಅವರು ತಮಗೆ ಗೊತ್ತಿದ್ದ ಎಲ್ಲ ಕೋಬಾಲ್ಟ್ ಕೇಂದ್ರಗಳ ಭೌತವಿಜ್ಞಾನಿಗಳಿಗೂ ಫೋನ್ ಮಾಡಿದರು: ನಿಮ್ಮ ಲೆಕ್ಕದ ಕಂಪ್ಯೂಟರನ್ನು ಇತ್ತೀಚೆಗೆ ಬೇರೆ ಬೋರ್ಡಿನ ಮೇಲೆ ಎಬ್ಬಿಸಿದ್ದರೆ, ಪ್ಲಾಟರ್ ಓಡುವಾಗ ಒಂದೇ ಲೆಕ್ಕವನ್ನು ಮತ್ತೆ ಮತ್ತೆ ಓಡಿಸಿ ನೋಡಿ. ತಾಂತ್ರಿಕ ಪ್ರಶ್ನೆಗಳಿದ್ದರೆ ಕೇಳಲೆಂದು ನನ್ನ ಹೊಸ ಕಚೇರಿಯ ನಂಬರು ಕೊಟ್ಟಿದ್ದರು. ಉತ್ತರಗಳು ಬಂದವು. ನಮ್ಮದು ಹಾಗಲ್ಲ, ನಮ್ಮದು ಹೊಸದು, ನಮ್ಮಲ್ಲಿ ತೊಂದರೆಯಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ನಾನು ಸ್ವಲ್ಪ ಹಗುರಾಗಿದ್ದೆ.

ಒಂದು ಮಧ್ಯಾಹ್ನ ಫೋನ್ ಬಂತು. ಘಟ್ಟದ ಕೆಳಗಿನ ಒಂದು ಊರಿನ ಆಸ್ಪತ್ರೆ, ಅಲ್ಲಿನ ಭೌತವಿಜ್ಞಾನಿ, ಇನ್ನೂ ಎಳೆಯ ದನಿ. ಹಿಂದಿಯಲ್ಲಿ ಮಾತಾಡಿದರು. ರಜೆಯಲ್ಲಿದ್ದುದರಿಂದ ಸಂದೇಶ ತಡವಾಗಿ ಸಿಕ್ಕಿತು, ಹೇಳಿದ ಹಾಗೆ ಇವತ್ತು ಓಡಿಸಿ ನೋಡಿದೆ ಎಂದರು. ಎರಡು ಸಲ ಓಡಿಸಿದೆ, ಎರಡು ಉತ್ತರ ಬಂದವು. ಯಾವುದನ್ನು ಇಟ್ಟುಕೊಳ್ಳಬೇಕು?

ಎರಡೂ ಬೇಡ, ಆ ಯಂತ್ರ ಕೊಟ್ಟ ಯಾವ ಲೆಕ್ಕದ ಮೇಲೂ ಚಿಕಿತ್ಸೆ ಕೊಡಬೇಡಿ, ಈಗಲೇ ನಿಲ್ಲಿಸಿ ಎಂದೆ. ಒಳಗೆ ಒಬ್ಬ ರೋಗಿ ಚಿಕಿತ್ಸೆಯ ಮೇಜಿನ ಮೇಲಿದ್ದಾರೆ ಎಂದು ಅವರು ಹೇಳಿದ್ದು ಕೇಳಿಸಿತು. ಫೋನನ್ನು ಮೇಜಿನ ಮೇಲೆ ಇಟ್ಟ ಸದ್ದು, ಓಡುವ ಚಪ್ಪಲಿಯ ಸದ್ದು, ಭಾರದ ಬಾಗಿಲು ತೆರೆದ ಸದ್ದು. ನಾನು ಕಿವಿಗೆ ಹಿಡಿದುಕೊಂಡೇ ನಿಂತೆ.

ಬಹಳ ಹೊತ್ತಿನ ಮೇಲೆ ಅವರು ವಾಪಸು ಬಂದರು. ಏದುಸಿರು ಬಿಡುತ್ತಿದ್ದರು. ನಿಲ್ಲಿಸಿದೆ, ಶುರುವಾಗಿರಲಿಲ್ಲ ಎಂದರು. ನಾನು ಕೂತೆ. ಆ ಯಂತ್ರ ಯಾವಾಗಿನಿಂದ ಓಡುತ್ತಿದೆ ಎಂದು ಕೇಳಿದೆ. ಬೇಸಿಗೆಯಿಂದ, ಎಂದರು. ಹಾಗಾದರೆ ಅಂದಿನಿಂದ ಲೆಕ್ಕ ಹಾಕಿದವರನ್ನೆಲ್ಲ ಕರೆಸಿ ನೋಡಬೇಕಾಗುತ್ತದೆ ಎಂದೆ.

"ಹೇಗೆ ಕರೆಸಲಿ?" ಎಂದರು. "ಅವರೆಲ್ಲ ಚಿಕಿತ್ಸೆ ಮುಗಿಸಿಕೊಂಡು, ಗುಣವಾಯಿತೆಂದು ಊರಿಗೆ ಹೋಗಿಬಿಟ್ಟಿದ್ದಾರೆ."